ಏಣಿಯ ತುದಿಯನ್ನೂ ಅಳೆಯುವ ಜಾಲತಾಣ

ಬಡತನವನ್ನು ಅಳೆಯಲು ಇರುವಷ್ಟು ಸಾಧನಗಳು ಸಿರಿವಂತಿಕೆಯನ್ನು ಅಳೆಯಲು ಇಲ್ಲ. ಮನೆಮನೆ ಸಮೀಕ್ಷೆಯಲ್ಲಿ ಬಹುದೊಡ್ಡ ಸಿರಿವಂತರು ಸಾಮಾನ್ಯವಾಗಿ ಸಿಗುವುದೇ ಇಲ್ಲ; ಸಿಕ್ಕರೂ ಬಡ್ಡಿ, ಲಾಭಾಂಶ, ಬಾಡಿಗೆಗಳ ಪೂರ್ತಿ ಲೆಕ್ಕ ಹೊರಬರುವುದು ಅಪರೂಪ. ಈ ಕೊರತೆಯನ್ನು ತುಂಬಲು ಹೊರಟ, ಜಗತ್ತಿನ ಆರ್ಥಿಕ ಅಸಮಾನತೆಯ ಅಂಕಿಗಳನ್ನು ಕೊಡುವ ಜಾಲತಾಣವೇ ‘ವರ್ಲ್ಡ್ ಇನ್‌ಈಕ್ವಾಲಿಟಿ ಡೇಟಾಬೇಸ್’. 2011ರಲ್ಲಿ ಅತಿ ಹೆಚ್ಚು ಆದಾಯದವರ ಪಾಲನ್ನಷ್ಟೇ ದಾಖಲಿಸುವ ಸಣ್ಣ ಸಂಗ್ರಹವಾಗಿ ಆರಂಭವಾದ ಇದರ ಹಿಂದೆ ಟೋನಿ ಅಟ್ಕಿನ್ಸನ್, ತೋಮಾ ಪಿಕೆಟಿ, ಇಮ್ಯಾನುಯೆಲ್ ಸಾಯೆಜ್ ಮೊದಲಾದ ಅರ್ಥಶಾಸ್ತ್ರಜ್ಞರಿದ್ದರು. ಇಲ್ಲಿನ ಅಂಕಿಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಇದರ ನಿಜವಾದ ಬಲವಿರುವುದು ಲೆಕ್ಕದ ವಿಧಾನದಲ್ಲಿ. ತೆರಿಗೆ ದಾಖಲೆ, ಕುಟುಂಬ ಸಮೀಕ್ಷೆ, ರಾಷ್ಟ್ರೀಯ ಆದಾಯದ ಲೆಕ್ಕ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿ, ದೇಶದ ಒಟ್ಟು ಆದಾಯದಲ್ಲಿ ಯಾವ ಗುಂಪಿಗೆ ಎಷ್ಟು ಸಂದಿದೆ ಎಂಬುದನ್ನು ಅಂದಾಜಿಸಲಾಗುತ್ತದೆ. ಕೆಲವು ದೇಶಗಳ ಆದಾಯ ತೆರಿಗೆ ದಾಖಲೆಗಳು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಸಿಗುವುದರಿಂದ, ಮಹಾಯುದ್ಧಗಳ ಕಾಲದಲ್ಲಿ ಕುಸಿದ ಮೇಲಿನವರ ಪಾಲು 1980ರ ನಂತರ ಹೇಗೆ ಮತ್ತೆ ಏರಿತೆಂಬುದನ್ನು ಒಂದೇ ರೇಖೆಯಲ್ಲಿ ನೋಡಬಹುದು.

ಆದಾಯದ ಪುಟದಿಂದ ಸಂಪತ್ತಿನ ಪುಟಕ್ಕೆ ಹೋದಾಗ ಚಿತ್ರವೇ ಬದಲಾಗುತ್ತದೆ. ಇದೇ ತಂಡ 2022ರ ವರದಿಯಲ್ಲಿ ಕೊಟ್ಟ ಅಂದಾಜಿನಂತೆ, 2021ರಲ್ಲಿ ಜಗತ್ತಿನ ಮೇಲಿನ ಶೇ. 10ರಷ್ಟು ವಯಸ್ಕರಿಗೆ ಒಟ್ಟು ಆದಾಯದ ಶೇ. 52ರಷ್ಟು ಹೋದರೆ, ಕೆಳಗಿನ ಅರ್ಧದಷ್ಟು ಜನರಿಗೆ ಸಿಕ್ಕಿದ್ದು ಶೇ. 8.5 ಮಾತ್ರ. ಸಂಪತ್ತಿನಲ್ಲಿ, ಅಂದರೆ ಸಾಲ ಕಳೆದು ಉಳಿಯುವ ಆಸ್ತಿಯಲ್ಲಿ, ಈ ಪಾಲುಗಳು ಕ್ರಮವಾಗಿ ಶೇ. 76 ಮತ್ತು ಶೇ. 2. ದುಡಿಮೆಯ ಹಣ ಅನ್ನ, ಬಟ್ಟೆ, ಬಾಡಿಗೆಗೇ ಮುಗಿದುಹೋಗುವವರ ಕೈಯಲ್ಲಿ ಆಸ್ತಿ ನಿಲ್ಲುವುದಿಲ್ಲ. ಇದ್ದವರ ಆಸ್ತಿಯಾದರೋ ತಾನೇ ಆದಾಯ ತರುತ್ತದೆ. ಆದಾಯದ ಅಂಕಿಯನ್ನಷ್ಟೇ ಉಲ್ಲೇಖಿಸಿ ಮಾತು ಮುಗಿಸುವವರು ಈ ಎರಡನೆಯ ಪುಟವನ್ನು ತೆರೆಯಲೇಬೇಕು.

ಬಳಕೆ ಮಾತ್ರ ಸುಲಭವಲ್ಲ. ನಕ್ಷೆಗಳು ಅಚ್ಚುಕಟ್ಟಾಗಿದ್ದರೂ, ಇಳಿಸಿಕೊಂಡ ಕಡತದಲ್ಲಿ ‘ಪಿ99ಪಿ100’ ಎಂಬಂಥ ಸಂಕೇತಗಳು ಎದುರಾಗುತ್ತವೆ. ಇದು ಮೇಲಿನ ಶೇ. 1 ಎಂದು ತಿಳಿಯಲು ಸಂಕೇತಗಳ ಕೈಪಿಡಿಯನ್ನೇ ಓದಬೇಕು. ‘ತೆರಿಗೆಪೂರ್ವ ಆದಾಯ’ವೆಂಬ ಶೀರ್ಷಿಕೆಯೂ ಅವಸರದ ಓದುಗರನ್ನು ದಾರಿ ತಪ್ಪಿಸಬಲ್ಲದು, ಏಕೆಂದರೆ ಅದರಲ್ಲಿ ದುಡಿಮೆ, ಆಸ್ತಿಗಳ ಗಳಿಕೆಯಷ್ಟೇ ಅಲ್ಲದೆ ಪಿಂಚಣಿ ಮತ್ತು ನಿರುದ್ಯೋಗ ಭತ್ಯೆಯೂ ಸೇರಿರುತ್ತವೆ. ತೆರಿಗೆ ದಾಖಲೆ ಸಿಗದ ದೇಶಗಳ ಅಂಕಿಗಳಲ್ಲಿ ಊಹೆಯ ಪಾಲು ಹೆಚ್ಚು. ಅಂಕಿಗಳು ಎಷ್ಟು ಪಾರದರ್ಶಕವೆಂಬುದಕ್ಕೆ ಪ್ರತಿ ದೇಶಕ್ಕೂ 0ಯಿಂದ 20ರವರೆಗಿನ ಶ್ರೇಣಿ ಕೊಟ್ಟಿರುವುದು ಪ್ರಾಮಾಣಿಕ ಕ್ರಮವೇ, ಆದರೆ ನಕ್ಷೆಯನ್ನು ನಕಲು ಮಾಡಿಕೊಳ್ಳುವವರು ಆ ಶ್ರೇಣಿಯನ್ನು ಜೊತೆಗೆ ಒಯ್ಯುವುದಿಲ್ಲ.

ವಿಧಾನದ ಬಗ್ಗೆ ತಕರಾರುಗಳೂ ಇವೆ. ಅಮೆರಿಕದ ಮಟ್ಟಿಗೆ ಅರ್ಥಶಾಸ್ತ್ರಜ್ಞರಾದ ಜೆರಾಲ್ಡ್ ಆಟನ್ ಮತ್ತು ಡೇವಿಡ್ ಸ್ಪ್ಲಿಂಟರ್ ಮಾಡಿದ ಲೆಕ್ಕದಲ್ಲಿ ಮೇಲಿನ ಶೇ. 1ರಷ್ಟು ಜನರ ಪಾಲು ಇಲ್ಲಿ ತೋರಿಸಿದಷ್ಟು ಏರಿಲ್ಲ. ತೆರಿಗೆಯವರ ಕಣ್ಣಿಗೆ ಬೀಳದ ಆದಾಯವನ್ನು ಯಾರ ಖಾತೆಗೆ ಹಾಕಬೇಕೆಂಬುದೇ ಈ ವ್ಯತ್ಯಾಸದ ಒಂದು ಮುಖ್ಯ ಕಾರಣ. ಬಚ್ಚಿಟ್ಟದ್ದನ್ನು ಅಂದಾಜಿನಿಂದಲೇ ಹಂಚಬೇಕಾದಲ್ಲಿ ಇಂಥ ಭಿನ್ನಾಭಿಪ್ರಾಯ ಸಹಜ. ಆದರೂ ತನ್ನ ಎಣಿಕೆಯ ಹೆಜ್ಜೆಗಳನ್ನು ಬಿಚ್ಚಿಟ್ಟಿರುವುದರಿಂದ ನನಗೆ ಈ ತಾಣದ ಮೇಲಿನ ನಂಬಿಕೆ ಕುಗ್ಗಿಲ್ಲ.

ಹಸಿವು, ಕಡುಬಡತನಗಳನ್ನು ಅರಿಯಬೇಕಾದವರಿಗೆ ಇದು ಸರಿಯಾದ ಜಾಗವಲ್ಲ. ಅದಕ್ಕೆ ದಿನಕ್ಕೆ 3 ಡಾಲರ್‌ ಬಡತನ ರೇಖೆಯನ್ನು ಬಳಸುವ ವಿಶ್ವಬ್ಯಾಂಕಿನ ತಾಣವೇ ಮೇಲು. ಇಲ್ಲಿಂದ ಅಂಕಿ ತೆಗೆದುಕೊಳ್ಳುವವರು ಇಳಿಸಿಕೊಂಡ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಹೊಸ ದಾಖಲೆ ಸಿಕ್ಕಾಗ ಹಳೆಯ ವರ್ಷಗಳ ಲೆಕ್ಕವನ್ನೂ ಇವರು ತಿದ್ದುತ್ತಾರೆ.