ಗ್ಲುಟೆನ್ ಇಲ್ಲದ ರೊಟ್ಟಿ: ಪ್ಯಾಕೆಟ್ ಹಿಟ್ಟೋ, ಗಿರಣಿ ಜೋಳವೋ, ಮನೆಯಲ್ಲೇ ಬೀಸಿದ್ದೋ?

ನಮ್ಮ ಅಕ್ಕಲಕೋಟದ ಕಡೆ ಊಟ ಅಂದರೆ ಜೋಳದ ರೊಟ್ಟಿ ಅಂತ ಈಗಲೂ ಹೇಳುತ್ತೇವೆ. ಆದರೆ ಮಕ್ಕಳ ಡಬ್ಬಿಗೆ ಚಪಾತಿ, ಬೆಳಿಗ್ಗೆ ಉಪ್ಪಿಟ್ಟು, ಚಹಾದ ಜೊತೆ ಬಿಸ್ಕಿಟ್ ಇಲ್ಲವೇ ಖಾರಿ. ದಿನವಿಡೀ ಹೊಟ್ಟೆಗೆ ಹೋಗೋದು ಗೋಧಿಯೇ. ನನಗೆ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾದ ದಿನದಿಂದ ಇವೆಲ್ಲ ನಿಂತವು. ಬದಲಿಗೆ ಏನು ತಿನ್ನಬೇಕು ಎಂದು ಒಂದೊಂದಾಗಿ ಮಾಡಿ ನೋಡಿದೆ. ಇದೇ ತೊಂದರೆ ಇರುವ ನಮ್ಮ ಭಾಗದವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ಹಿಟ್ಟಿಗೆ ಜಿಗಿ ಕೊಡುವ ಗ್ಲುಟೆನ್ ಎಂಬ ಪ್ರೋಟೀನ್ ಇರೋದು ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯದಲ್ಲಿ. ಸೀಲಿಯಾಕ್ ಇದ್ದವರು ಇದನ್ನು ತಿಂದರೆ ಅವರ ದೇಹವೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಆಗ ತಿಂದ ಅನ್ನದ ಸತ್ವ ಮೈಗೆ ಹತ್ತುವುದಿಲ್ಲ. ನನಗೆ ಹೊಟ್ಟೆ ಉಬ್ಬರಕ್ಕಿಂತ ಜಾಸ್ತಿ ಕಾಡಿದ್ದು ರಕ್ತ ಕಡಿಮೆ ಆಗೋದು. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ. ಟಿಟಿಜಿ ಎಂಬ ರಕ್ತ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದ ಮೇಲೆ ಕಾರಣ ಗೊತ್ತಾಯಿತು. ಒಂದು ವಿಷಯ ನೆನಪಿಡಿ: ಅನುಮಾನ ಬಂತು ಎಂದು ಸುಮ್ನೆ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋಗಬೇಡಿ. ಗೋಧಿ ಬಿಟ್ಟಿದ್ದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ಇನ್ನು ಹಿಟ್ಟಿನ ವಿಷಯ.

ನಾನು ಮೊದಲು ತಂದದ್ದು ಪೇಟೆಯ ಗ್ಲುಟೆನ್-ಫ್ರೀ ಹಿಟ್ಟಿನ ಪ್ಯಾಕೆಟ್. ಅದರ ಮೇಲೆ ಭರವಸೆ ಇಡಲು ಕಾರಣ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರದಷ್ಟು ಗ್ಲುಟೆನ್ ಇದ್ದರೆ ಮಾತ್ರ ಆ ಹೆಸರು ಹಾಕಬಹುದು. ಹಿಟ್ಟು ಕಲಸಲು ಸುಲಭ, ಚಪಾತಿಯ ಹಾಗೆ ಲಟ್ಟಿಸಲೂ ಬರುತ್ತದೆ. ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಅಂಟಿಗಾಗಿ ಗೋರಿಕಾಯಿ ಜಾತಿಯ ಬೀಜದಿಂದ ಮಾಡುವ ಗ್ವಾರ್ ಗಮ್ ಇಂಥವೆಲ್ಲ ಸೇರಿರುತ್ತವೆ. ಆದರೆ ತಣ್ಣಗಾದ ಮೇಲೆ ಅದು ಚರ್ಮದ ಹಾಗೆ ಬಿರುಸಾಗುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವು. ಬೆಲೆಯಂತೂ ಗೋಧಿ ಹಿಟ್ಟಿನ ಹಲವು ಪಟ್ಟು. ಜೀವನಪೂರ್ತಿ ಪಾಲಿಸಬೇಕಾದ ಪಥ್ಯಕ್ಕೆ ಇದು ದಿನದ ಊಟ ಆಗಲಾರದು.

ಹಾಗಾದರೆ ಜೋಳ ಇದೆಯಲ್ಲ, ಅದರಲ್ಲಿ ಗ್ಲುಟೆನ್ ಇಲ್ಲವಲ್ಲ ಅಂತೀರಿ. ನಿಜ, ಇಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಎಸರು ಬೇಕು. ಕುದಿಯುವ ನೀರು ಬಿದ್ದಾಗ ಪಿಷ್ಟ ಬೆಂದು ಜಿಗಿ ಬರುತ್ತದೆ, ಆಗಷ್ಟೇ ರೊಟ್ಟಿ ಬಡಿಯಲು ಸಾಧ್ಯ. ಅದರಲ್ಲೂ ಹಿಂಗಾರಿನ ಮಾಲದಂಡಿ ಜೋಳ ಹತ್ತಿರದ ಮಂಗಳವೇಢೆಯಿಂದ ಬರುತ್ತದೆ. ಅಲ್ಲಿನ ಜೋಳಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಇದಕ್ಕಿಂತ ಒಳ್ಳೆಯದು ಎಲ್ಲಿ ಹುಡುಕೋಣ?

ತೊಂದರೆ ಇರೋದು ಜೋಳದಲ್ಲಲ್ಲ, ಗಿರಣಿಯಲ್ಲಿ. ನಮಗಿಂತ ಮುಂಚೆ ಬಂದವರು ಗೋಧಿ ಬೀಸಿಕೊಂಡು ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿ ಅದರ ಹಿಟ್ಟು ಉಳಿದಿರುತ್ತದೆ. "ಜ್ವಾಳದಾಗ ಗೋಧಿ ಎಲ್ಲಿಂದ ಬರ್ತೈತಿ, ಯಕ್ಕಾ?" ಎಂದು ಗಿರಣಿಯವನು ಕೇಳಿದ. ಅವನ ಪ್ರಶ್ನೆ ತಪ್ಪಲ್ಲ. ಆರೋಗ್ಯವಂತರಿಗೆ ಅಷ್ಟು ಹಿಟ್ಟು ಏನೂ ಅಲ್ಲ. ನನ್ನಂಥವರ ಕರುಳಿಗೆ ಚಿಟಿಕೆ ಹಿಟ್ಟೂ ಜಾಸ್ತಿಯೇ. ಗಿರಣಿ ಜೋಳದ ರೊಟ್ಟಿ ತಿನ್ನುತ್ತಿದ್ದಾಗ ಚಪಾತಿ ಮುಟ್ಟದಿದ್ದರೂ ನನ್ನ ಹೊಟ್ಟೆ ಸರಿ ಹೋಗಲಿಲ್ಲ.

ಎರಡು ಕಲ್ಲಿನ ಗಿರಣಿ ಇದ್ದರೆ ಪರಿಸ್ಥಿತಿ ಎಷ್ಟೋ ಮೇಲು. ಕೆಲವು ಕಡೆ ಗೋಧಿಗೆ ಒಂದು ಕಲ್ಲು, ಜೋಳ-ಸಜ್ಜಿಗೆ ಇನ್ನೊಂದು ಇಟ್ಟಿರುತ್ತಾರೆ. ಅಲ್ಲಿಯೂ ಮೊದಲು ಬಿದ್ದ ಹಿಟ್ಟನ್ನು ಮನೆಯ ಉಳಿದವರಿಗೆ ಬೇರೆ ಡಬ್ಬಿಯಲ್ಲಿ ಹಾಕಿ, ಆಮೇಲಿನದನ್ನು ನಿಮಗೆ ಇಟ್ಟುಕೊಳ್ಳಿ. ಆದರೆ ಗೋಧಿಯ ಧೂಳು ಗಿರಣಿ ತುಂಬ ಹಾರುತ್ತಿರುತ್ತದೆ. ಹಾಗಾಗಿ ಇದನ್ನು ನಾನು ಪೂರ್ತಿ ನಂಬುವುದಿಲ್ಲ.

ಕೊನೆಗೆ ಮನೆಗೇ ಸಣ್ಣ ಗಿರಣಿ ತಂದೆವು. ಸೊಲ್ಲಾಪುರದಲ್ಲಿ ಘರಘಂಟಿ ಅಂತಾರಲ್ಲ, ಅದೇ. 15ರಿಂದ 20 ಸಾವಿರದ ಆಚೀಚೆ ಬೀಳುತ್ತದೆ, ಸಣ್ಣ ದುಡ್ಡಲ್ಲ. ಸದ್ದು ಜೋರು, ಧೂಳೂ ಇದೆ. ಆದರೂ ನನ್ನ ಮಟ್ಟಿಗೆ ಗೆದ್ದದ್ದು ಇದೇ. ಅದರಲ್ಲಿ ಗೋಧಿ ಹಾಕುವುದೇ ಇಲ್ಲ ಎಂದು ಮನೆಯಲ್ಲಿ ಕಟ್ಟುನಿಟ್ಟು. ವಾರಕ್ಕೆ ಬೇಕಾದಷ್ಟೇ ಬೀಸುವುದರಿಂದ ರೊಟ್ಟಿಯೂ ಚೆನ್ನಾಗಿ ಬರುತ್ತದೆ, ಏಕೆಂದರೆ ಹಿಟ್ಟು ಹಳತಾದರೆ ಜಿಗಿ ಹೋಗಿ ಬಡಿಯುವಾಗಲೇ ಅಂಚು ಸೀಳುತ್ತದೆ. ಆಮೇಲೆ ನಡೆಸಿದ ಪರೀಕ್ಷೆಯಲ್ಲಿ, ಕಾಯಿಲೆ ಇದ್ದಾಗ ಏರುವ ಟಿಟಿಜಿ ಪ್ರಮಾಣ ಇಳಿಯುತ್ತಾ ಬಂತು, ಹಿಮೋಗ್ಲೋಬಿನ್ ಏರಿತು. ದುಡ್ಡು ಹೊಂದದವರಿಗೆ ಬೀಸುಕಲ್ಲು ಇದೆ. ಒಬ್ಬರ ಊಟಕ್ಕೆ ಸಾಕು, ತೋಳು ನೋಯುತ್ತದೆ ಅಷ್ಟೇ. ಆದರೆ ಗೋಧಿ ಬೀಸಿದ ಹಳೇ ಕಲ್ಲು ಬೇಡ.

ಕಾಳು ಹಸನು ಮಾಡುವ ಕೆಲಸವನ್ನು ಮಾತ್ರ ಬಿಡಬೇಡಿ. ಜೋಳ, ಗೋಧಿ ಎರಡೂ ಹಿಂಗಾರಿ ಬೆಳೆ. ರಾಶಿ ಮಾಡುವ ಯಂತ್ರ ಒಂದೇ, ಎಷ್ಟೋ ಸಲ ಚೀಲವೂ ಒಂದೇ. ಜೋಳದ ಕಾಳು ದುಂಡಗೆ, ಗೋಧಿ ಉದ್ದ, ಮೊರದಲ್ಲಿ ಹಾಕಿ ಕೇರಿದರೆ ಕಣ್ಣಿಗೆ ಬೀಳುತ್ತದೆ. ಹಿಟ್ಟನ್ನೇ ಕೊಂಡರೆ ಈ ಅವಕಾಶ ಇರುವುದಿಲ್ಲ. ಜರಡಿ, ಲಟ್ಟಣಿಗೆ, ಮಣೆ ನನಗೆ ಬೇರೆ ಇವೆ. ಜರಡಿಯ ಕಣ್ಣಲ್ಲಿ ಕೂತ ಗೋಧಿ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ.

ಸಜ್ಜಿ ಮತ್ತು ಅಕ್ಕಿಯನ್ನು ಜೋಳದ ಪಕ್ಕ ಇಟ್ಟು ನೋಡಿದರೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ಸಜ್ಜಿಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣ, ಜೋಳದಲ್ಲಿ 4ರ ಹತ್ತಿರ, ಪಾಲಿಶ್ ಅಕ್ಕಿಯಲ್ಲಿ 1 ಕೂಡ ಇಲ್ಲ. ನಾರಿನ ಅಂಶ ಜೋಳದಲ್ಲಿ 10 ಗ್ರಾಂ, ಸಜ್ಜಿಯಲ್ಲಿ 11ರ ಮೇಲೆ, ಅಕ್ಕಿಯಲ್ಲಿ 3ಕ್ಕಿಂತ ಕಡಿಮೆ. ರಕ್ತ ಕಡಿಮೆ ಇದ್ದ ನನಗೆ ಚಳಿಗಾಲದಲ್ಲಿ ಸಜ್ಜಿ ರೊಟ್ಟಿ, ಎಳ್ಳು, ಪುಂಡಿಪಲ್ಯೆ ಹಿಡಿಸಿತು. ಆದರೆ ಸಜ್ಜಿ ಹಿಟ್ಟು ಬೇಗ ಕಹಿಯಾಗುತ್ತದೆ, ಬೇಸಿಗೆಯಲ್ಲಿ ನನಗೆ ಒಗ್ಗುವುದಿಲ್ಲ. ಅಕ್ಕಿ ರೊಟ್ಟಿ ಹಗುರ, ಕಾಯಿಲೆ ಬಿದ್ದ ದಿನಕ್ಕೆ ಸರಿ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಆದರೆ ನಮ್ಮ ಬಾಯಿಗೆ ರೂಢಿಯಿಲ್ಲ. ಅಂಬಲಿಗೆ ಸ್ವಲ್ಪ ಹಾಕುತ್ತೇನೆ.

ಖಪಲಿ ಗೋಧಿಯ ಬಗ್ಗೆ ಖಡಾಖಂಡಿತವಾಗಿ ಹೇಳಲೇಬೇಕು. ಸಾಂಗ್ಲಿ, ಕೊಲ್ಹಾಪುರದ ಕಡೆಯಿಂದ ಬರುವ ಈ ಹಳೇ ತಳಿಯಲ್ಲಿ ಗ್ಲುಟೆನ್ ಇಲ್ಲ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ, ಪ್ರೀತಿಯಿಂದಲೇ. ಇದೆ! ಅದೂ ಗೋಧಿಯೇ. ಬೇರೆಯವರಿಗೆ ಒಳ್ಳೆಯದಿರಬಹುದು, ಸೀಲಿಯಾಕ್ ಇದ್ದವರು ಮುಟ್ಟಬಾರದು. ಇನ್ನೊಂದು ಇಂಗು. ಡಬ್ಬಿ ಇಂಗಿನಲ್ಲಿ ಬಹಳ ಸಲ ಮೈದಾ ಇಲ್ಲವೇ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಬೇಳೆ ಸಾರಿನಲ್ಲಿ ಗೋಧಿ ಇರುತ್ತದೆ ಎಂದು ಯಾರು ಅಂದುಕೊಳ್ಳುತ್ತಾರೆ, ಅಲ್ವಾ? ಅಕ್ಕಿ ಹಿಟ್ಟಿನ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದಿನ ಅಕ್ಷರ ಓದಿ ಕೊಳ್ಳಿ. ಮಾಲ್ಟ್ ಎಂದು ಬರೆದಿದ್ದರೆ ಸಾಮಾನ್ಯವಾಗಿ ಅದು ಬಾರ್ಲಿ.

ಪ್ಯಾಕೆಟ್ ಹಿಟ್ಟನ್ನು ನಾನು ಪೂರ್ತಿ ಬಿಟ್ಟಿಲ್ಲ. ಯುಗಾದಿಗೆ ಹೂರಣದ ಹೋಳಿಗೆ ಬೇಕೇ ಬೇಕು. ಜೋಳದ ಹಿಟ್ಟಿನ ಕಣಕ ಹೂರಣದ ಸುತ್ತ ನಿಲ್ಲುವುದಿಲ್ಲ, ಪ್ಯಾಕೆಟ್ ಹಿಟ್ಟಿನದು ನಿಲ್ಲುತ್ತದೆ. ಬಿಸಿಯಾಗಿ ತುಪ್ಪ ಹಾಕಿ ತಿಂದರೆ ಹಬ್ಬದ ರುಚಿಗೆ ಏನೂ ಕೊರತೆಯಿಲ್ಲ. ಬೇರೆಯವರ ಮನೆಗೆ ಹೋಗುವಾಗಲೂ ಒಂದು ಪ್ಯಾಕೆಟ್ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ.

ಅಂಗಡಿಯ ಖಡಕ್ ರೊಟ್ಟಿ ಪ್ರಯಾಣಕ್ಕೆ ಅನುಕೂಲ ಅನ್ನಿಸುತ್ತದೆ, ತಿಂಗಳುಗಟ್ಟಲೆ ಇರುತ್ತದೆ. ಆದರೆ ಯಾವ ಗಿರಣಿಯ ಹಿಟ್ಟು, ಏನು ಬೆರೆಸಿದ್ದಾರೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ನಾನು ಮನೆಯ ರೊಟ್ಟಿಯನ್ನೇ ಒಣಗಿಸಿ ಶೇಂಗಾ ಹಿಂಡಿ ಜೊತೆ ಕಟ್ಟಿಕೊಳ್ಳುತ್ತೇನೆ. ಅದೂ ಮುಗಿದರೆ ಹೋಟೆಲಿನಲ್ಲಿ ಉಪವಾಸದ ಪದಾರ್ಥ ಕೇಳಿ. ಪಂಢರಪುರದ ದಾರಿಯಲ್ಲಿ ಇದು ಸಲೀಸಾಗಿ ಸಿಗುತ್ತದೆ. ಸಾಬುದಾನಿ, ವರಿ, ರಾಜಗಿರಿ, ಯಾವುದರಲ್ಲೂ ಗ್ಲುಟೆನ್ ಇಲ್ಲ. ಆದರೆ ಸಾಬುದಾನಿ ವಡೆಗಿಂತ ಖಿಚಡಿ ವಾಸಿ. ಸಮೋಸಾ ಕರಿದ ಎಣ್ಣೆಯಲ್ಲೇ ವಡೆಯನ್ನೂ ಕರಿದಿದ್ದರೆ ಮೈದಾ ಅದಕ್ಕೂ ಹತ್ತಿರುತ್ತದೆ.