ಬ್ರೆಡ್ ಮಷೀನ್ ಬೇಕಾ, ಓವನ್ ಸಾಕಾ?

ವಾರಕ್ಕೆ ಒಂದೇ ಪ್ಯಾಕೆಟ್ ಬ್ರೆಡ್ ಖರ್ಚಾಗುವ ಮನೆಯಾದರೆ ಎರಡೂ ಬೇಡ, ಬೀದಿ ಕೊನೆಯ ಬೇಕರಿಯೇ ಸಾಕು.

ಮಷೀನಿನ ದೊಡ್ಡ ಸುಖ ಅಂದ್ರೆ ನಾದುವ ಕೆಲಸ ಇಲ್ಲ. ರಾತ್ರಿ ನೀರು, ಹಿಟ್ಟು, ಉಪ್ಪು, ಸಕ್ಕರೆ, ಯೀಸ್ಟ್ ಅಳೆದು ಹಾಕಿ ಟೈಮರ್ ಇಟ್ಟರೆ, ಬೆಳಿಗ್ಗೆ ಎದ್ದಾಗ ಮನೆಯೆಲ್ಲ ಘಮಘಮ. ಮಾಮೂಲಿ ಬ್ರೆಡ್‌ಗೆ ಮೂರು, ನಾಲ್ಕು ಗಂಟೆ ಹಿಡಿಯುತ್ತದೆ. ಆದರೆ ಸಿಗುವುದು ಒಂದೇ ಆಕಾರದ ಲೋಫ್, ತಳದಲ್ಲಿ ನಾದುವ ಬ್ಲೇಡು ಬಿಟ್ಟುಹೋದ ತೂತು ಬೇರೆ. ನನಗೇನೋ ಆ ತೂತು ಬೇಜಾರಿಲ್ಲ, ಮಕ್ಕಳು ಅದರಲ್ಲಿ ಜಾಮ್ ತುಂಬುತ್ತಾರೆ.

ಓವನ್‌ನಲ್ಲಿ ಕೈಕೆಲಸ ಜಾಸ್ತಿ. ಹತ್ತು ಹದಿನೈದು ನಿಮಿಷ ನಾದಬೇಕು, ಎರಡು ಸಲ ಉಬ್ಬಲು ಬಿಡಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಹಿಟ್ಟು ಮೈಮುರಿಯುವುದೂ ನಿಧಾನ. ಆದರೆ ಪಾವ್, ಖಾರ ಬನ್, ಪಿಜ್ಜಾ, ಕೇಕು, ನಾನ್‌ಖಟಾಯಿ ಎಲ್ಲಕ್ಕೂ ಅದೇ ಓವನ್. ಮೇಲಿನ ಸಿಪ್ಪೆಯೂ ಗರಿಯಾಗುತ್ತದೆ.

ಗೋಧಿ ಹಿಟ್ಟಿನ ಬ್ರೆಡ್ಡೇ ಬೇಕು ಅನ್ನುವವರಿಗೆ ಒಂದು ಮಾತು. ನಮ್ಮ ಚಪಾತಿ ಹಿಟ್ಟಿನಲ್ಲಿ ತೌಡಿನ ಅಂಶ ಇರುವುದರಿಂದ, ಯಾವುದರಲ್ಲಿ ಮಾಡಿದರೂ ಬ್ರೆಡ್ ಸ್ವಲ್ಪ ಗಟ್ಟಿಯೇ. ನೀರು ಜಾಸ್ತಿ ಹಾಕಿ, ಅರ್ಧ ಮೈದಾ ಬೆರೆಸಿ.

ಅಮೆರಿಕದಿಂದ ಯಾರೋ ಮಷೀನ್ ತಂದುಕೊಡುತ್ತೇನೆ ಅಂದರೆ ಹಿಗ್ಗಬೇಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಿದರೆ ಸುಟ್ಟೇ ಹೋಗಬಹುದು.

ನನ್ನನ್ನು ಕೇಳಿದರೆ, ದಿನಾ ಟಿಫಿನ್ ಡಬ್ಬಿಗೆ ಸ್ಯಾಂಡ್‌ವಿಚ್ ಕಟ್ಟುವ ಮನೆಗೆ ಮಷೀನ್. ಭಾನುವಾರದ ಉಮೇದಿಗೆ ಓವನ್.