ಮನೆ ಗ್ಯಾಸ್‌ಗೆ ಗುಮ್ಮಟವೋ, ಡ್ರಮ್ಮೋ, ಟ್ಯಾಂಕೋ?

ಮನೆಯಲ್ಲೇ ಅಡುಗೆ ಗ್ಯಾಸ್ ಮಾಡಿಕೊಳ್ಳಲು ಗೋಬರ್ ಗ್ಯಾಸ್ (ಬಯೋಗ್ಯಾಸ್) ಘಟಕ ಬೇಕು, ಈ ಮೂರರಲ್ಲಿ ಯಾವುದು ಕಟ್ಟಿಸಲಿ ಅಂತ ಕೇಳಿದ್ದೀರಿ. ಮೊದಲು ಕೊಟ್ಟಿಗೆ ನೋಡಿ. ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ಘಟಕಕ್ಕೆ ದಿನವೂ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದನ. ಅಷ್ಟಿದ್ದರೆ ನೆಲದಡಿ ಗಾರೆಯಲ್ಲಿ ಕಟ್ಟುವ, ದೀನಬಂಧು ಅನ್ನುವ ಮಾದರಿಯ ಗುಮ್ಮಟ ಅಗ್ಗ, ತುಕ್ಕಿನ ಕಾಟವಿಲ್ಲ. ಆದರೆ ಪಳಗಿದ ಗಾರೆಯವರೇ ಕಟ್ಟಬೇಕು. ಬಿರುಕು ಬಿಟ್ಟರೆ ಗ್ಯಾಸ್ ಎಲ್ಲಿ ಸೋರುತ್ತಿದೆ ಅಂತ ಹುಡುಕುವುದೇ ತಲೆನೋವು.

ಅಂಥ ಗಾರೆಯವರು ಸಿಗದಿದ್ದರೆ ತೇಲುವ ಡ್ರಮ್ ವಾಸಿ. ಗ್ಯಾಸ್ ತುಂಬಿದಂತೆ ಡ್ರಮ್ ಮೇಲೇರುವುದರಿಂದ ಎಷ್ಟು ಗ್ಯಾಸ್ ಇದೆ ಅಂತ ಕಣ್ಣಿಗೇ ಕಾಣುತ್ತದೆ, ಒತ್ತಡವೂ ಒಂದೇ ಸಮ. ಕಬ್ಬಿಣದ ಡ್ರಮ್ ದುಬಾರಿ, ಆಗಾಗ ಬಣ್ಣ ಬಳಿಯಬೇಕು. ಕರಾವಳಿಯಲ್ಲಂತೂ ಬೇಗ ತುಕ್ಕು.

ದನವೇ ಇಲ್ವಾ? ಅಡುಗೆಮನೆ ಕಸದ ಪ್ಲಾಸ್ಟಿಕ್ ಟ್ಯಾಂಕ್ ಇದೆ. ಕಿಲೋ ಲೆಕ್ಕದಲ್ಲಿ ಸಗಣಿಗಿಂತ ಉಳಿದ ಅನ್ನವೇ ಜಾಸ್ತಿ ಗ್ಯಾಸ್ ಕೊಡುತ್ತದೆ. ಶುರುವಿಗೆ ಮಾತ್ರ ಸಗಣಿ ಬಗ್ಗಡ ಬೇಕು. ಹಬ್ಬದ ಉಳಿಕೆಯೆಲ್ಲ ಒಮ್ಮೆಲೇ ಸುರಿದರೆ ಒಳಗೆ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಇಬ್ಬರೇ ಇರುವ ಮನೆಗೆ ಸುಮ್ನೆ ಖರ್ಚು. ಹಾಸ್ಟೆಲ್, ಖಾನಾವಳಿಗೆ ಸರಿ.